ವಿಡಿಯೊ ಸಾವಿರ, ಲೆಕ್ಕ ಎಲ್ಲಿ? ಸರ್ಕ್ಯೂಟ್ ಕಲಿಯುವವರಿಗೆ ಅಭ್ಯಾಸದ ದಾರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕುಕನೂರಿನಿಂದ ಮಾತಾಡ್ತಾ ಇದ್ದೀನಿ. ಇವತ್ತು ಎಲೆಕ್ಟ್ರಿಕ್ ಸರ್ಕ್ಯೂಟ್ ಲೆಕ್ಕಗಳ ಬಗ್ಗೆ ಮಾತಾಡೋಣ. ಅವನ್ನ ಎಲ್ಲಿ ಹುಡುಕಬೇಕು, ಹೇಗೆ ಅಭ್ಯಾಸ ಮಾಡಬೇಕು, ಉತ್ತರ ಸರಿ ಇದೆ ಅಂತ ಹೇಳೋರು ಪಕ್ಕದಲ್ಲಿ ಯಾರೂ ಇಲ್ಲದಾಗ ಏನು ಮಾಡಬೇಕು, ಇಷ್ಟೇ ವಿಷಯ.

ನಾನು ಓದಿದ್ದು ಬಿ.ಕಾಂ. ನನಗೂ ಸರ್ಕ್ಯೂಟ್‌ಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ, ಮುಂದೆ ಹೇಳ್ತೀನಿ. ಈ ಸಂಚಿಕೆಗೆ ಕಾರಣ ನಮ್ಮ ಓಣಿಯ ಒಬ್ಬ ಡಿಪ್ಲೊಮಾ ವಿದ್ಯಾರ್ಥಿನಿ. ಎಲ್ಲ ವಿಷಯ ಪಾಸ್, ಎಲೆಕ್ಟ್ರಿಕಲ್ ಒಂದು ಮಾತ್ರ ಬ್ಯಾಕ್. ಆಕೆ ಹೇಳಿದ್ದು ಹೀಗೆ: "ಅಣ್ಣಾ, ವಿಡಿಯೊ ನೋಡುವಾಗ ಎಲ್ಲಾ ತಿಳಿತೈತಿ. ಪೇಪರ್ ಮ್ಯಾಲ ಲೆಕ್ಕ ಬಂದ್ರ ಕೈ ಓಡಾಂಗಿಲ್ಲ. ಇನ್ನೊಮ್ಮೆ ಫೇಲಾದ್ರ ಕಾಲೇಜ್ ಸಾಕು ಅಂತಾರ ಮನ್ಯಾಗ." ಆ ಕೊನೆಯ ಮಾತು ಕೇಳಿದ ಮೇಲೆ ನಾನು ಸುಮ್ಮನೆ ಕೂರೋಕೆ ಆಗಲಿಲ್ಲ. ಸಂಜೆ ಹೊತ್ತು ಆಕೆ, ಆಕೆಯ ತಮ್ಮ, ನಾನು ಮೂವರೂ ಕೂತು ಲೆಕ್ಕ ಹುಡುಕೋಕೆ, ಬಿಡಿಸೋಕೆ ಶುರು ಮಾಡಿದ್ವಿ. ಪರೀಕ್ಷೆ ಇನ್ನೂ ಮುಂದಿದೆ. ಹುಡುಕಾಟದಲ್ಲಿ ಸಿಕ್ಕಿದ್ದನ್ನ ನಿಮಗೆ ಹೇಳ್ತಾ ಇದ್ದೀನಿ.

ಇದು ಒಬ್ಬರ ಕಥೆ ಅಲ್ಲ. ಕುಕನೂರು, ಯಲಬುರ್ಗಾ, ಗದಗ ಕಡೆ ಹೊಲಗಳ ನಡುವೆ ಗಾಳಿಯಂತ್ರ ತಿರುಗೋದನ್ನ ದಿನಾ ನೋಡ್ತೀವಿ. ನಮ್ಮದೇ ಜಿಲ್ಲೆಯ ಮುನಿರಾಬಾದ್‌ನಲ್ಲಿ ತುಂಗಭದ್ರಾ ನೀರಿನಿಂದ ವಿದ್ಯುತ್ ತಯಾರಾಗುತ್ತೆ. ಇಲ್ಲೇ ತಳಕಲ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಜೆಸ್ಕಾಂ, ಕೆಪಿಟಿಸಿಎಲ್‌ನಲ್ಲಿ ಜೆಇ ಆಗಬೇಕಂದ್ರೆ ಎಲೆಕ್ಟ್ರಿಕಲ್ ಡಿಪ್ಲೊಮಾ ಬೇಕು. ಅಂದ್ರೆ ವಿದ್ಯುತ್ ನಮ್ಮ ಊರ ಸುತ್ತಲೇ ಇದೆ, ಕೆಲಸವೂ ಇದೆ. ಅದರ ಬಾಗಿಲಲ್ಲಿ ನಿಂತಿರೋದು ಈ ಮೊದಲ ವರ್ಷದ ಸರ್ಕ್ಯೂಟ್ ಲೆಕ್ಕ.

ಮೊದಲಿಗೆ ತೊಂದರೆ ಎಲ್ಲಿದೆ ನೋಡೋಣ. ಡಿಪ್ಲೊಮಾಗೆ ಹತ್ತನೇ ತರಗತಿ ಮುಗಿಸಿ ಹೋಗ್ತೀವಿ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಓಮ್‌ನ ನಿಯಮ ಇದೆ, ಸರಣಿ ಜೋಡಣೆ, ಸಮಾಂತರ ಜೋಡಣೆ ಇದೆ. ಕಿರ್ಚಾಫ್‌ನ ನಿಯಮಗಳು ಇಲ್ಲ. ಅವು ಬರೋದು ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ. ಪಿಯು ಓದದೆ ನೇರವಾಗಿ ಡಿಪ್ಲೊಮಾಗೆ ಹೋದವರಿಗೆ ನಡುವಿನ ಒಂದು ಮೆಟ್ಟಿಲೇ ಇರಲ್ಲ. ಮೇಷ್ಟ್ರು ಬೋರ್ಡ್ ಮೇಲೆ ಲೂಪ್ ಬರೆದು ಸಮೀಕರಣ ಶುರು ಮಾಡಿದಾಗ "ನನಗೆ ತಲೆ ಇಲ್ಲ" ಅಂದುಕೊಳ್ತೀವಿ. ತಲೆ ಇದೆ, ಮೆಟ್ಟಿಲು ಇಲ್ಲ.

ಇನ್ನೊಂದು ಭಾಷೆಯ ಮೆಟ್ಟಿಲು. ಕನ್ನಡ ಮಾಧ್ಯಮದವರು ಹತ್ತನೇವರೆಗೆ ರೋಧ, ವಿಭವಾಂತರ, ವಿದ್ಯುತ್ ಪ್ರವಾಹ ಅಂತ ಕಲಿತಿರ್ತಾರೆ. ಕಾಲೇಜಿಗೆ ಬಂದ ಮೊದಲ ವಾರದಲ್ಲೇ ಅವು ರೆಸಿಸ್ಟೆನ್ಸ್, ವೋಲ್ಟೇಜ್, ಕರೆಂಟ್ ಆಗಿಬಿಡುತ್ತವೆ. ವಸ್ತು ಅದೇ, ಹೆಸರು ಬೇರೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಾಲಂ ಹಾಕಿ ಎರಡೂ ಹೆಸರು ಬರೆದಿಟ್ಟುಕೊಳ್ಳಿ. ಮೂವತ್ತು ಪದ ಆಗಬಹುದು, ಅಷ್ಟೇ. ಒಂದು ಸಂಜೆಯ ಕೆಲಸ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯೂಟ್ಯೂಬಿನಲ್ಲಿ ವಿಡಿಯೊಗೆ ಬರ ಇಲ್ಲ. ಆದ್ರೆ ವಿಡಿಯೊ ನೋಡೋದು ಅಂದ್ರೆ ಬೇರೆಯವರು ಈಜೋದನ್ನ ದಂಡೆ ಮೇಲೆ ಕೂತು ನೋಡಿದಂಗೆ. ನಮಗೆ ಬೇಕಾಗಿರೋದು ನೀರು.

ಇದಕ್ಕೊಂದು ಉದಾಹರಣೆ ಕೇಳ್ರಿ. ಅನಂತ್ ಅಗರ್‌ವಾಲ್ ಅಂತ ಒಬ್ಬರು ಎಂಐಟಿ ಪ್ರಾಧ್ಯಾಪಕರು. ಬೆಳೆದಿದ್ದು ನಮ್ಮ ಮಂಗಳೂರಿನಲ್ಲಿ. 2012ರಲ್ಲಿ ಅವರು ಸರ್ಕ್ಯೂಟ್ಸ್ ಅಂಡ್ ಎಲೆಕ್ಟ್ರಾನಿಕ್ಸ್ ಅನ್ನೋ ಕೋರ್ಸನ್ನ ಇಡೀ ಜಗತ್ತಿಗೆ ಆನ್‌ಲೈನ್‌ನಲ್ಲಿ ಉಚಿತವಾಗಿ ತೆರೆದಿಟ್ಟರು. ಮುಂದೆ ಎಡ್‌ಎಕ್ಸ್ ಆಗಿ ಬೆಳೆದಿದ್ದು ಇದೇ ಪ್ರಯತ್ನ. ಹೆಸರು ನೋಂದಾಯಿಸಿದವರು ಸುಮಾರು 1,55,000 ಜನ. ಕೊನೆಗೆ ಪಾಸಾಗಿ ಹೊರಬಂದವರು 7,157. ನೂರಕ್ಕೆ ಐದು ಜನಾನೂ ಇಲ್ಲ. ಪಾಠ ಎಲ್ಲರಿಗೂ ಒಂದೇ, ಹೇಳಿಕೊಟ್ಟವರೂ ಒಬ್ಬರೇ. ವಾರ ವಾರ ಕೊಟ್ಟ ಲೆಕ್ಕಕ್ಕೂ ಆ ಕೋರ್ಸಲ್ಲಿ ಅಂಕ ಇತ್ತು. ಆ ಕೋರ್ಸಲ್ಲಿ ಪೂರ್ತಿ ಅಂಕ ತೆಗೆದವರಲ್ಲಿ ಮಂಗೋಲಿಯಾದ 15 ವರ್ಷದ ಹುಡುಗನೊಬ್ಬ ಇದ್ದ. ಮುಂದೆ ಆತ ಎಂಐಟಿಗೇ ಓದೋಕೆ ಹೋದ. ದೂರದ ಊರು ಅನ್ನೋದು ಅವನಿಗೆ ಅಡ್ಡ ಬರಲಿಲ್ಲ. ಹಂಗಂತ ಎಲ್ಲರೂ ಎಂಐಟಿಗೆ ಹೋಗಬೇಕು ಅಂತ ನಾನು ಹೇಳ್ತಾ ಇಲ್ಲ. ನಮಗೆ ಮೊದಲು ಈ ಪೇಪರ್ ಪಾಸಾಗಬೇಕು.

ಹಾಗಾದ್ರೆ ಒಳ್ಳೆ ಅಭ್ಯಾಸದ ಸಾಮಗ್ರಿ ಯಾವುದು? ನಾವು ಮೂರು ಪ್ರಶ್ನೆ ಇಟ್ಟುಕೊಂಡ್ವಿ. ಒಂದು, ಉತ್ತರ ಕೊಟ್ಟಿದ್ದಾರಾ? ಎರಡು, ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಾ? ಮೂರು, ಮೊಬೈಲ್‌ನಲ್ಲಿ, ಕಡಿಮೆ ಡೇಟಾದಲ್ಲಿ ಸಿಗುತ್ತಾ? ಮೂರಕ್ಕೂ ಹೌದು ಅನ್ನೋದು ಕಡಿಮೆ. ಎರಡಕ್ಕೆ ಹೌದು ಅಂದ್ರೂ ಇಟ್ಟುಕೊಳ್ಳಿ.

ಮೊದಲು ಪಠ್ಯಪುಸ್ತಕ. ಹತ್ತನೇ ತರಗತಿಯ ವಿದ್ಯುತ್ ಪಾಠವನ್ನ ಮತ್ತೊಮ್ಮೆ ತೆಗೀರಿ, ಅಲ್ಲಿನ ಬಿಡಿಸಿದ ಉದಾಹರಣೆಗಳನ್ನ ಉತ್ತರ ಮುಚ್ಚಿಟ್ಟು ಮಾಡ್ರಿ. ಆಮೇಲೆ ದ್ವಿತೀಯ ಪಿಯು ಭೌತಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ವಿದ್ಯುತ್ ಪ್ರವಾಹದ ಅಧ್ಯಾಯ. ಕಿರ್ಚಾಫ್ ನಿಯಮ, ವೀಟ್‌ಸ್ಟನ್ ಸೇತುವೆ ಎರಡೂ ಅಲ್ಲಿವೆ. ಅಭ್ಯಾಸಗಳ ಉತ್ತರ ಪುಸ್ತಕದ ಹಿಂದೆ ಇರುತ್ತೆ. ಪಿಡಿಎಫ್ ಉಚಿತ. ನಾನು ಹೇಳಿದ ಆ ಬಿಟ್ಟುಹೋದ ಮೆಟ್ಟಿಲು ಇದೇ.

ಕಾಲೇಜಿನ ಗ್ರಂಥಾಲಯದಲ್ಲಿ ಮೂರು ಪುಸ್ತಕ ಕೇಳಿ ನೋಡ್ರಿ. ಬಿ.ಎಲ್. ತೆರಾಜ ಅವರ ಎಲೆಕ್ಟ್ರಿಕಲ್ ಟೆಕ್ನಾಲಜಿ ನಮ್ಮ ಕಡೆ ಹಳೆಯ ದೋಸ್ತ್ ಇದ್ದಂಗೆ, ಬಿಡಿಸಿದ ಲೆಕ್ಕಗಳ ರಾಶಿ ಅದರಲ್ಲಿದೆ. ಶಾಮ್ಸ್ ಔಟ್‌ಲೈನ್ ಸರಣಿಯ ಎಲೆಕ್ಟ್ರಿಕ್ ಸರ್ಕ್ಯೂಟ್ಸ್ ಪುಸ್ತಕದಲ್ಲಿ ಪಾಠ ಕಡಿಮೆ, ಲೆಕ್ಕ ಜಾಸ್ತಿ. ಅಲೆಕ್ಸಾಂಡರ್ ಮತ್ತು ಸಡಿಕು ಬರೆದ ಪುಸ್ತಕ ನನಗೆ ಹೆಚ್ಚು ಇಷ್ಟ ಆಯ್ತು. ಅದರಲ್ಲಿ ಒಂದು ಉದಾಹರಣೆ ಬಿಡಿಸಿ ತೋರಿಸಿದ ಕೂಡಲೇ ಅದೇ ತರದ ಇನ್ನೊಂದು ಲೆಕ್ಕ ನಿಮಗೆ ಕೊಟ್ಟು, ಉತ್ತರವನ್ನ ಅಲ್ಲೇ ಕೆಳಗೆ ಬರೆದಿರ್ತಾರೆ. ಮೊದಲ ಸಲ ಕಲಿಯೋರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ. ಹಳೆಯ ಆವೃತ್ತಿ ಆದರೂ ನಡೆಯುತ್ತೆ. ಓಮ್ ತನ್ನ ನಿಯಮ ಪ್ರಕಟಿಸಿದ್ದು 1827ರಲ್ಲಿ, ಅದಕ್ಕೇನೂ ಹೊಸ ಸಿಲೆಬಸ್ ಬಂದಿಲ್ಲ.

ಉಚಿತವಾಗಿ ಆನ್‌ಲೈನ್‌ನಲ್ಲೇ ಬೇಕು ಅಂದ್ರೆ ಟೋನಿ ಕುಫಾಲ್ಟ್ ಬರೆದ ಲೆಸನ್ಸ್ ಇನ್ ಎಲೆಕ್ಟ್ರಿಕ್ ಸರ್ಕ್ಯೂಟ್ಸ್ ಇದೆ. ಆಲ್ ಅಬೌಟ್ ಸರ್ಕ್ಯೂಟ್ಸ್ ಜಾಲತಾಣದಲ್ಲಿ ಪೂರ್ತಿ ಓದಬಹುದು, ಅಲ್ಲೇ ಲೆಕ್ಕಗಳ ವರ್ಕ್‌ಶೀಟ್ ಕೂಡ ಸಿಗುತ್ತೆ. ಇಂಗ್ಲಿಷ್ ಸರಳವಾಗಿದೆ. ಖಾನ್ ಅಕಾಡೆಮಿಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದಲ್ಲೂ ಸರ್ಕ್ಯೂಟ್ ವಿಶ್ಲೇಷಣೆ ಚೆನ್ನಾಗಿದೆ, ವಿಡಿಯೊ ಬಿಟ್ಟು ಬರಹದ ಪಾಠ ಮಾತ್ರ ಓದಿದರೆ ಡೇಟಾ ಉಳಿಯುತ್ತೆ.

ನಮ್ಮ ದೇಶದ್ದು ಎನ್‌ಪಿಟಿಇಎಲ್. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸೋದು. ಐಐಟಿ ಮದ್ರಾಸಿನ ನಾಗೇಂದ್ರ ಕೃಷ್ಣಾಪುರ ಅವರ ಬೇಸಿಕ್ ಎಲೆಕ್ಟ್ರಿಕಲ್ ಸರ್ಕ್ಯೂಟ್ಸ್, ಐಐಎಸ್‌ಸಿಯ ಎಲ್. ಉಮಾನಂದ ಅವರ ಬೇಸಿಕ್ ಎಲೆಕ್ಟ್ರಿಕಲ್ ಟೆಕ್ನಾಲಜಿ, ಎರಡೂ ಉಚಿತ. ಎನ್‌ಪಿಟಿಇಎಲ್ ಕೋರ್ಸ್ ನಡೆಯುವಾಗ ವಾರಕ್ಕೊಂದು ಅಸೈನ್‌ಮೆಂಟ್ ಕೊಡ್ತಾರೆ. ಸೇರೋಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಪರೀಕ್ಷೆ ಬರೆಯೋರಿಗೆ ಮಾತ್ರ ಶುಲ್ಕ. ವಿಡಿಯೊ ಬಿಟ್ಟರೂ ಅಸೈನ್‌ಮೆಂಟ್ ಬಿಡಬೇಡಿ.

ಕನ್ನಡದಲ್ಲೇ ಓದಬೇಕು ಅನ್ನೋರಿಗೆ ಎಐಸಿಟಿಇಯ ಇ-ಕುಂಭ್ ಪೋರ್ಟಲ್ ಇದೆ. ತಾಂತ್ರಿಕ ಶಿಕ್ಷಣದ ಪುಸ್ತಕಗಳನ್ನ ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಐಟಿಐ ಎಲೆಕ್ಟ್ರಿಷಿಯನ್ ಓದ್ತಾ ಇರೋರು ಭಾರತ್ ಸ್ಕಿಲ್ಸ್ ನೋಡ್ರಿ, ಟ್ರೇಡ್ ಪ್ರಕಾರ ಪ್ರಶ್ನೆ ಬ್ಯಾಂಕ್ ಇದೆ. ಇನ್ನು ಗೇಟ್ ಹಳೆಯ ಪತ್ರಿಕೆ. ಹೆಸರು ಕೇಳಿ ಹೆದರಬೇಡಿ. ಮೂಲ ಪಾಠ ಗಟ್ಟಿ ಆದ ಮೇಲೆ ಅದರಲ್ಲಿ ಒಂದು ಅಂಕದ ಸರ್ಕ್ಯೂಟ್ ಪ್ರಶ್ನೆಗಳನ್ನ ಮಾತ್ರ ಆರಿಸಿಕೊಳ್ಳಿ. ಕೀ ಉತ್ತರ ಸಮೇತ ಸಿಗುತ್ತವೆ. ನಿಮ್ಮದೇ ಪರೀಕ್ಷೆಯ ಹಳೆಯ ಪ್ರಶ್ನೆ ಪತ್ರಿಕೆಯಂತೂ ಬೇಕೇ ಬೇಕು, ಆದ್ರೆ ಅದನ್ನ ಕೊನೆಯ ವಾರಕ್ಕೆ ಇಟ್ಟುಕೊಳ್ಳಿ. ಮೊದಲೇ ನೋಡಿದರೆ ಲೆಕ್ಕ ಕಲಿಯಲ್ಲ, ಲೆಕ್ಕದ ಉತ್ತರ ಬಾಯಿಪಾಠ ಮಾಡ್ತೀವಿ.

ಇಷ್ಟು ಪಟ್ಟಿ ಸಾಕು. ಇವೆಲ್ಲವನ್ನೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಡಿ. ಒಂದು ಪುಸ್ತಕ, ಒಂದು ಜಾಲತಾಣ. ಅಷ್ಟೇ.

ಈಗ ಬಿ.ಕಾಂ.ನವನ ಮಾತು. ಲೆಕ್ಕದ ಪುಸ್ತಕದಲ್ಲಿ ಉತ್ತರ ಇಲ್ಲದಿದ್ದರೆ ಏನು ಮಾಡೋದು? ಅಕೌಂಟ್ಸ್ ಓದಿದವರಿಗೆ ಟ್ರಯಲ್ ಬ್ಯಾಲೆನ್ಸ್ ಗೊತ್ತು. ಡೆಬಿಟ್ ಎಷ್ಟೋ ಕ್ರೆಡಿಟ್ ಅಷ್ಟೇ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ, ಯಾರೂ ಹೇಳಬೇಕಾಗಿಲ್ಲ. ಸರ್ಕ್ಯೂಟ್‌ನಲ್ಲೂ ಥೇಟ್ ಹಂಗೆ ಟ್ಯಾಲಿ ಮಾಡಬಹುದು ಅಂತ ಗೊತ್ತಾದಾಗ ನನಗೆ ಭಾರಿ ಖುಷಿ ಆಯ್ತು. ಅದನ್ನ ಕೊಟ್ಟವನು ಕಿರ್ಚಾಫ್. 1845ರಲ್ಲಿ, ಇನ್ನೂ ವಿದ್ಯಾರ್ಥಿ ಆಗಿದ್ದಾಗ, 21ರ ವಯಸ್ಸಿನಲ್ಲಿ. ನಿಮ್ಮದೇ ವಯಸ್ಸು.

ಅವನ ಮೊದಲ ಮಾತು: ಒಂದು ಜಂಕ್ಷನ್‌ಗೆ ಎಷ್ಟು ಕರೆಂಟ್ ಬರುತ್ತೋ ಅಷ್ಟೇ ಹೊರಗೆ ಹೋಗಬೇಕು. ಹಳ್ಳದ ನೀರು ಎರಡು ಕಾಲುವೆಗೆ ಒಡೆದರೆ ಎರಡನ್ನೂ ಕೂಡಿಸಿದಾಗ ಮೊದಲಿನಷ್ಟೇ ಆಗಬೇಕಲ್ಲ, ಹಂಗೆ. ಎರಡನೇ ಮಾತು: ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದರೆ ಏರಿದ್ದೆಷ್ಟೋ ಇಳಿದದ್ದೂ ಅಷ್ಟೇ. ಗುಡ್ಡ ಹತ್ತಿ ಇಳಿದು ಮನೆಗೆ ಬಂದಂಗೆ.

ಈಗ ಒಂದು ಲೆಕ್ಕ ಮಾಡೋಣ. ಪೆನ್ನು ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಮನಸ್ಸಿನಲ್ಲೇ ಮಾಡಬಹುದು. 12 ವೋಲ್ಟ್ ಬ್ಯಾಟರಿ. ಅದರ ಮುಂದೆ ಸರಣಿಯಲ್ಲಿ 2 ಓಮ್ ರೆಸಿಸ್ಟರ್. ಅದಾದ ಮೇಲೆ ದಾರಿ ಎರಡಾಗುತ್ತೆ: ಒಂದರಲ್ಲಿ 3 ಓಮ್, ಇನ್ನೊಂದರಲ್ಲಿ 6 ಓಮ್. ಆಮೇಲೆ ಎರಡೂ ಸೇರಿ ಬ್ಯಾಟರಿಗೆ ವಾಪಸ್.

3 ಮತ್ತು 6 ಸಮಾಂತರದಲ್ಲಿವೆ. ಗುಣಿಸಿದರೆ 18, ಕೂಡಿಸಿದರೆ 9, ಭಾಗಿಸಿದರೆ 2 ಓಮ್. ಮುಂದಿನ 2 ಓಮ್ ಸೇರಿಸಿದರೆ ಒಟ್ಟು 4 ಓಮ್. 12 ಭಾಗಿಸು 4, ಬ್ಯಾಟರಿಯಿಂದ ಬರೋ ಕರೆಂಟ್ 3 ಆಂಪಿಯರ್. ಮೊದಲ ರೆಸಿಸ್ಟರ್ ಮೇಲೆ 6 ವೋಲ್ಟ್ ಇಳಿಯಿತು, ಉಳಿದದ್ದು 6 ವೋಲ್ಟ್. ಆ 6 ವೋಲ್ಟಿಗೆ 3 ಓಮ್‌ನಲ್ಲಿ 2 ಆಂಪಿಯರ್, 6 ಓಮ್‌ನಲ್ಲಿ 1 ಆಂಪಿಯರ್.

ಉತ್ತರ ಬಂತು. ಈಗ ಟ್ಯಾಲಿ. ಕರೆಂಟ್: 2 ಮತ್ತು 1 ಸೇರಿ 3, ಸರಿ. ವೋಲ್ಟೇಜ್: 6 ಮತ್ತು 6 ಸೇರಿ 12, ಸರಿ. ಮೂರನೆಯದು ಪವರ್. ಬ್ಯಾಟರಿ ಕೊಟ್ಟಿದ್ದು 12 ಗುಣಿಸು 3, 36 ವ್ಯಾಟ್. ಮೊದಲ ರೆಸಿಸ್ಟರ್ ತಗೊಂಡಿದ್ದು 18, ಎರಡನೆಯದು 12, ಮೂರನೆಯದು 6. ಕೂಡಿಸಿ. 36. ಜಮಾ ಖರ್ಚು ಸರಿಹೋಯ್ತು. ಯಾವ ಕೀ ಉತ್ತರವೂ ಬೇಕಾಗಲಿಲ್ಲ.

ಆದ್ರೆ ಅಕೌಂಟ್ಸ್‌ನಲ್ಲಿ ಇನ್ನೊಂದು ಪಾಠ ಇದೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಪುಸ್ತಕ ಸರಿ ಇದೆ ಅಂತಲ್ಲ. ಒಂದು ಬಿಲ್ಲನ್ನ ಬರೆಯೋದನ್ನೇ ಬಿಟ್ಟಿದ್ದರೂ ಟ್ಯಾಲಿ ಆಗುತ್ತೆ. ಇಲ್ಲೂ ಹಾಗೇ. 6 ಓಮ್ ಅನ್ನೋದನ್ನ 8 ಅಂತ ಓದಿಕೊಂಡು ಲೆಕ್ಕ ಮಾಡಿದರೆ ಅದೂ ಟ್ಯಾಲಿ ಆಗುತ್ತೆ. ಬೇರೆ ಸರ್ಕ್ಯೂಟಿನ ಸರಿಯಾದ ಉತ್ತರ ಬಂದಿರುತ್ತೆ. ಅದಕ್ಕೆ ಲೆಕ್ಕ ಶುರು ಮಾಡೋ ಮೊದಲು ಚಿತ್ರವನ್ನ ನಿಮ್ಮ ಕೈಯಿಂದ ಹೊಸದಾಗಿ ಬರೆದು, ಬೆಲೆಗಳನ್ನ ಒಂದೊಂದಾಗಿ ತಾಳೆ ನೋಡಿ.

ಇನ್ನೊಂದು ಉಪಾಯ. ಒಂದು ಲೆಕ್ಕದಿಂದ ಐದು ಲೆಕ್ಕ ಮಾಡೋದು. ಅದೇ ಸರ್ಕ್ಯೂಟಲ್ಲಿ ಬ್ಯಾಟರಿ 24 ವೋಲ್ಟ್ ಮಾಡ್ರಿ. ಬಿಡಿಸೋ ಮೊದಲೇ ಊಹೆ ಮಾಡಿ. ಕರೆಂಟ್ ಎಲ್ಲಾ ಎರಡು ಪಟ್ಟು, ಪವರ್ ಮಾತ್ರ ನಾಲ್ಕು ಪಟ್ಟು, 144 ವ್ಯಾಟ್. ಯಾಕೆ ನಾಲ್ಕು ಅಂತ ನಿಮ್ಮ ಬಾಯಲ್ಲಿ ಹೇಳೋಕೆ ಬಂದರೆ ಆ ಪಾಠ ನಿಮ್ಮದು. ಈಗ ಬ್ಯಾಟರಿ ಮತ್ತೆ 12 ಮಾಡಿ, 6 ಓಮ್ ದಾರಿಯನ್ನೇ ಕತ್ತರಿಸಿ. ಒಟ್ಟು 5 ಓಮ್, ಕರೆಂಟ್ 2.4. 3 ಓಮ್ ಮೇಲಿನ ವೋಲ್ಟೇಜ್ 6 ಇದ್ದಿದ್ದು 7.2 ಆಯ್ತು.

ಇದನ್ನ ನೀವು ಮನೇಲಿ ನೋಡಿದ್ದೀರಿ. ಪಕ್ಕದ ಹೊಲದಲ್ಲಿ ಪಂಪ್‌ಸೆಟ್ ಚಾಲೂ ಆದರೆ ಮನೆ ಬಲ್ಬು ಮಂದ ಆಗುತ್ತೆ, ಪಂಪ್ ಬಂದ್ ಆದರೆ ಮತ್ತೆ ಬೆಳಗುತ್ತೆ. ಮುಂದಿನ 2 ಓಮ್ ಅಂದ್ರೆ ಉದ್ದದ ಲೈನು. 3 ಓಮ್ ನಿಮ್ಮ ಬಲ್ಬು. 6 ಓಮ್ ಪಂಪು. ಊರಿನ ಲೈನಲ್ಲಿ ಇರೋದು ಎಸಿ, ಅಲ್ಲಿನ ಅಂಕಿ ಬೇರೆ, ಆದರೆ ಒಳಗಿನ ವಿಚಾರ ಇದೇ. ಇದನ್ನ ಹೇಳಿದಾಗ ಆ ಹುಡುಗಿಯ ತಮ್ಮ, ಇನ್ನೂ ಒಂಬತ್ತನೇ ತರಗತಿ, "ಅಂದ್ರ ಲೈನ್ ದಪ್ಪ ಹಾಕಿದ್ರ ಬಲ್ಬ್ ಮಂದ ಆಗಾಂಗಿಲ್ಲ ಹೌದಲ್ರಿ?" ಅಂತ ಕೇಳಿದ. ಹೌದು. ಆ ಪ್ರಶ್ನೆ ಯಾವ ಪ್ರಶ್ನೆ ಬ್ಯಾಂಕಿನಲ್ಲೂ ನಮಗೆ ಸಿಕ್ಕಿರಲಿಲ್ಲ.

ಉತ್ತರ ಪರೀಕ್ಷಿಸೋಕೆ ಸಿಮ್ಯುಲೇಟರ್ ಕೂಡ ಇವೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸರ್ಕ್ಯೂಟ್ ಕಿಟ್ ಮೊಬೈಲ್ ಬ್ರೌಸರ್‌ನಲ್ಲೇ ನಡೆಯುತ್ತೆ, ಒಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಬಳಸಬಹುದು. ಪಾಲ್ ಫಾಲ್‌ಸ್ಟಾಡ್ ಮಾಡಿದ ಸಿಮ್ಯುಲೇಟರ್‌ನಲ್ಲಿ ಕರೆಂಟ್ ಹರಿಯೋದು ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ಅದಕ್ಕೆ ಫೋನನ್ನ ಅಡ್ಡ ಹಿಡ್ಕೊಳ್ಳಿ, ಸಣ್ಣ ಪರದೆ ಸ್ವಲ್ಪ ಕಿರಿಕಿರಿ. ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಇದೆ, ನಮ್ಮ ಸುರತ್ಕಲ್ ಎನ್‌ಐಟಿಕೆಯೂ ಅದರಲ್ಲಿ ಪಾಲುದಾರ. ಒಂದೇ ನಿಯಮ: ಮೊದಲು ಕಾಗದ, ಆಮೇಲೆ ಸಿಮ್ಯುಲೇಟರ್. ತಿರುಗಾ ಮುರುಗಾ ಮಾಡಿದರೆ ಅದೂ ಇನ್ನೊಂದು ವಿಡಿಯೊ ಆಗಿಬಿಡುತ್ತೆ.

ಕೈಯಿಂದಲೇ ಮಾಡಿ ನೋಡಬೇಕು ಅನ್ನೋರಿಗೆ 9 ವೋಲ್ಟ್ ಬ್ಯಾಟರಿ, 1 ಕಿಲೊಓಮ್‌ನ ಮೂರು ರೆಸಿಸ್ಟರ್, ಒಂದು ಸಾದಾ ಮಲ್ಟಿಮೀಟರ್ ಸಾಕು. ಒಂದು ರೆಸಿಸ್ಟರ್ ಸರಣಿಯಲ್ಲಿ, ಎರಡು ಸಮಾಂತರದಲ್ಲಿ. ಲೆಕ್ಕದ ಪ್ರಕಾರ ಮೊದಲನೆಯದರ ಮೇಲೆ 6 ವೋಲ್ಟ್, ಜೋಡಿಯ ಮೇಲೆ 3 ವೋಲ್ಟ್ ಬರಬೇಕು. ಮೀಟರ್ ಸ್ವಲ್ಪ ಹೆಚ್ಚು ಕಡಿಮೆ ತೋರಿಸುತ್ತೆ. ಚಿನ್ನದ ಬಣ್ಣದ ಪಟ್ಟಿ ಇರೋ ರೆಸಿಸ್ಟರ್‌ನಲ್ಲಿ ಶೇ 5ರಷ್ಟು ವ್ಯತ್ಯಾಸ ಇರಬಹುದು, ಬ್ಯಾಟರಿಯೂ ಸರಿಯಾಗಿ 9 ಇರಲ್ಲ. ನಾನು ಮೊದಲು ಹೇಳಿದ 12 ವೋಲ್ಟಿನ ಲೆಕ್ಕವನ್ನ ಇಂಥ ಸಣ್ಣ ರೆಸಿಸ್ಟರ್ ಹಾಕಿ ಮಾಡಬೇಡಿ, 36 ವ್ಯಾಟ್ ತಡೆಯಲ್ಲ, ಸುಟ್ಟುಹೋಗುತ್ತವೆ. ಮೀಟರನ್ನ ಆಂಪಿಯರ್‌ಗೆ ಇಟ್ಟು ನೇರವಾಗಿ ಬ್ಯಾಟರಿಗೆ ಹಚ್ಚಬೇಡಿ. ಮತ್ತೆ ಮನೆಯ ಪ್ಲಗ್ಗಿನ 230 ವೋಲ್ಟನ್ನ ಅಭ್ಯಾಸಕ್ಕೆ ಅಂತ ಯಾವತ್ತೂ ಮುಟ್ಟಬೇಡಿ. ಇದು ತಮಾಷೆ ಅಲ್ಲ.

ಕೊನೆಗೆ ದಿನದ ಲೆಕ್ಕ. ನಾವು ಮಾಡ್ತಾ ಇರೋದು ಹೀಗೆ. ಮೊದಲ ನಾಲ್ಕು ದಿನ ಓಮ್ ನಿಯಮ, ಸರಣಿ, ಸಮಾಂತರ. ಮುಂದಿನ ನಾಲ್ಕು ದಿನ ಕಿರ್ಚಾಫ್‌ನ ಎರಡು ನಿಯಮ. ಆಮೇಲೆ ಮೆಶ್ ಮತ್ತು ನೋಡ್ ವಿಧಾನ, ಅದಕ್ಕೆ ಐದು ದಿನ. ಸೂಪರ್‌ಪೊಸಿಷನ್, ಥೆವೆನಿನ್, ನಾರ್ಟನ್‌ಗೆ ಇನ್ನೊಂದು ವಾರ. ದಿನಕ್ಕೆ ಐದೇ ಲೆಕ್ಕ: ಎರಡು ನಿನ್ನೆಯ ತರದ್ದು, ಎರಡು ಇವತ್ತಿನದು, ಒಂದು ನೀವೇ ತಯಾರು ಮಾಡಿದ್ದು. ಪ್ರತಿಯೊಂದಕ್ಕೂ ಟ್ಯಾಲಿ. ಇಪ್ಪತ್ತು ದಿನಕ್ಕೆ ನೂರು ಲೆಕ್ಕ. ನೂರು ಲೆಕ್ಕ ಕೈಯಿಂದ ಮಾಡಿದವರಿಗೆ ಪ್ರಶ್ನೆ ಪತ್ರಿಕೆ ನೋಡಿ ಕೈ ನಡುಗೋದು ಬಹಳ ಕಡಿಮೆ ಆಗುತ್ತೆ.

ಸಾಧ್ಯ ಆದರೆ ಇಬ್ಬರು ಮೂವರು ಸೇರಿ ಮಾಡ್ರಿ. ಒಬ್ಬರು ಲೆಕ್ಕ ಹಾಕಬೇಕು, ಇನ್ನೊಬ್ಬರು ಟ್ಯಾಲಿ ಮಾಡಬೇಕು. ಆಡಿಟರ್ ಇದ್ದಂಗೆ. ಮನೆಯಲ್ಲಿ ತಂಗಿ, ತಮ್ಮ ಇದ್ದರೆ ಅವರಿಗೆ ಹೇಳಿಕೊಡಿ. ಕಾಮರ್ಸ್ ಓದಿದ ಅಣ್ಣ ಇದ್ದರೆ ಅವನನ್ನೂ ಕೂರಿಸಿಕೊಳ್ಳಿ, ಟ್ಯಾಲಿ ಮಾಡೋಕೆ ಅವನಿಗೆ ಚೆನ್ನಾಗಿ ಬರುತ್ತೆ.

ಬ್ಯಾಕ್ ಉಳಿಸಿಕೊಂಡು ಮನೆಯಲ್ಲಿ ಹೇಳೋಕೆ ಅಂಜುತ್ತಾ ಇರೋ ಗೆಳೆಯರು ನಿಮ್ಮಲ್ಲೂ ಇರ್ತಾರೆ. ಅವರಿಗೆ ಈ ಸಂಚಿಕೆ ಕಳಿಸಿ. ಆದರೆ ಇದನ್ನ ಕೇಳಿ ಮುಗಿಸಿದ ಕೂಡಲೇ ಇನ್ನೊಂದು ಸಂಚಿಕೆ ಹಾಕಬೇಡಿ. ಫೋನ್ ಬದಿಗಿಡಿ. ಒಂದು ಹಾಳೆ ತಗೊಳ್ಳಿ. 10 ವೋಲ್ಟ್ ಬ್ಯಾಟರಿ, ಸರಣಿಯಲ್ಲಿ 1 ಓಮ್, ಆಮೇಲೆ ಸಮಾಂತರದಲ್ಲಿ 6 ಓಮ್ ಮತ್ತು 12 ಓಮ್. ಉತ್ತರ ನಾನು ಹೇಳಲ್ಲ. ಟ್ಯಾಲಿ ಆದರೆ ನಿಮಗೇ ಗೊತ್ತಾಗುತ್ತೆ.

ಮುಂದಿನ ವಾರ ಸಿಗೋಣ್ರಿ. ನಮಸ್ಕಾರ.